ಹುಟ್ಟಿದ ನರಕೋಶ ಬದುಕಬೇಕೋ ಬೇಡವೋ, ನಿರ್ಧಾರ ಯಾರದ್ದು?

ಭ್ರೂಣದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ನರಕೋಶಗಳು ಹುಟ್ಟುತ್ತವೆ. ಆಮೇಲೆ ಎಷ್ಟೋ ಸಾಯುತ್ತವೆ, ಕೆಲವು ಕಡೆ ಹೆಚ್ಚುಕಡಿಮೆ ಅರ್ಧದಷ್ಟು. ಇದು ರೋಗವಲ್ಲ, ಬೆಳವಣಿಗೆಯೇ ನಡೆಯುವ ರೀತಿ.

1934ರಲ್ಲಿ ಜೀವವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಕೋಳಿ ಭ್ರೂಣದಲ್ಲಿ ಆಗಷ್ಟೇ ಮೂಡುತ್ತಿದ್ದ ರೆಕ್ಕೆಯನ್ನು ಕತ್ತರಿಸಿ ತೆಗೆದರು. ಅದಕ್ಕೆ ನರ ಕಳಿಸಬೇಕಿದ್ದ ಬೆನ್ನುಹುರಿಯ ಭಾಗದಲ್ಲಿ ನರಕೋಶಗಳು ತೀರಾ ಕಡಿಮೆ ಇದ್ದವು. ರೆಕ್ಕೆಯಿಂದ ಸೂಚನೆ ಬರದೆ ಕೋಶಗಳು ತಯಾರಾಗಲೇ ಇಲ್ಲ ಎಂದು ಅವರು ತಿಳಿದರು.

ಇಟಲಿಯ ಟ್ಯೂರಿನ್‌ನಲ್ಲಿ ವಿಜ್ಞಾನಿ ರೀಟಾ ಲೆವಿ ಮೊಂಟಾಲ್ಚಿನಿಗೆ ಹಾಗನ್ನಿಸಲಿಲ್ಲ. ಯಹೂದಿ ಎಂಬ ಕಾರಣಕ್ಕೆ 1938ರ ಜನಾಂಗೀಯ ಕಾನೂನು ಅವರ ಕೆಲಸ ಕಿತ್ತುಕೊಂಡಿತ್ತು. ಮಲಗುವ ಕೋಣೆಯೇ ಲ್ಯಾಬ್ ಆಯಿತು, ಮಸೆದ ಹೊಲಿಗೆ ಸೂಜಿಗಳೇ ಚಾಕು. ಅವರು ಭ್ರೂಣಗಳನ್ನು ಬೇರೆ ಬೇರೆ ದಿನ ತೆಗೆದು ನೋಡಿದರು. ಕೋಶಗಳು ಹುಟ್ಟಿದ್ದವು, ಎಳೆ ಚಾಚಲೂ ಶುರು ಮಾಡಿದ್ದವು, ಆಮೇಲೆ ಸತ್ತಿದ್ದವು. ಒಂದೇ ಪ್ರಯೋಗ, ಅರ್ಥ ಮಾತ್ರ ತಲೆಕೆಳಗು! ಹ್ಯಾಂಬರ್ಗರ್ ಬೇಸರ ಮಾಡಿಕೊಳ್ಳಲಿಲ್ಲ, ಅವರನ್ನು ಅಮೆರಿಕದ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಯಾರೂ ಕತ್ತರಿ ಹಾಕದ ಭ್ರೂಣದಲ್ಲೂ ನರಕೋಶಗಳು ಸಾಯುತ್ತವೆ ಎಂದು 1949ರಲ್ಲಿ ಇಬ್ಬರೂ ಸೇರಿ ತೋರಿಸಿದರು.

ಹಾಗಾದರೆ ಉಳಿದವುಗಳನ್ನು ಉಳಿಸುವುದು ಏನು? ಇಲಿಯ ಒಂದು ಕ್ಯಾನ್ಸರ್ ಗಡ್ಡೆಯಿಂದ ಒಸರುವ ವಸ್ತು ನರದ ಎಳೆಗಳನ್ನು ಸೊಂಪಾಗಿ ಬೆಳೆಸುತ್ತಿತ್ತು. ಅದು ಏನೆಂದು ಹುಡುಕಲು ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಲೆವಿ ಮೊಂಟಾಲ್ಚಿನಿಗೆ ಜೊತೆಯಾದರು. ಅದರಲ್ಲಿದ್ದ ನ್ಯೂಕ್ಲಿಕ್ ಆಮ್ಲ (ಡಿಎನ್‌ಎ, ಆರ್‌ಎನ್‌ಎ ಥರದ್ದು) ಒಡೆದುಹೋಗಲಿ ಎಂದು ಸ್ವಲ್ಪ ಹಾವಿನ ವಿಷ ಬೆರೆಸಿದರೆ, ಎಳೆಗಳು ಮೊದಲಿಗಿಂತ ಜೋರಾಗಿ ಬೆಳೆದವು. ವಿಷದಲ್ಲೇ ಆ ವಸ್ತು ತುಂಬಿತ್ತು! ವಿಷದ ಗ್ರಂಥಿಗೂ ಜೊಲ್ಲಿನ ಗ್ರಂಥಿಗೂ ನಂಟಿದೆ ಅಲ್ವಾ? ಗಂಡು ಇಲಿಯ ಜೊಲ್ಲುಗ್ರಂಥಿ ನೋಡಿದರು, ಅಲ್ಲೂ ಧಾರಾಳವಾಗಿ ಸಿಕ್ಕಿತು. ಅದೇ ಎನ್‌ಜಿಎಫ್, ಅಂದರೆ ನರ್ವ್ ಗ್ರೋತ್ ಫ್ಯಾಕ್ಟರ್ (ನರ ಬೆಳೆಸುವ ಅಂಶ) ಎಂಬ ಪ್ರೋಟೀನ್. ಅದನ್ನು ತಡೆಯುವ ಪ್ರತಿಕಾಯವನ್ನು ಇಲಿಮರಿಗಳಿಗೆ ಚುಚ್ಚಿದಾಗ ಅನುವೇದನಾ (ಸಿಂಪಥೆಟಿಕ್) ನರಮಂಡಲದ, ಅಂದರೆ ಎದೆಬಡಿತದಂಥ ತಾನಾಗಿ ನಡೆಯುವ ಕೆಲಸಗಳನ್ನು ನೋಡಿಕೊಳ್ಳುವ ನರಗಳ ಕೋಶಗಳು ಬಹುಪಾಲು ನಾಶವಾದವು. ನರ ಹೋಗಿ ಸೇರುವ ಅಂಗವೇ ಈ ಪ್ರೋಟೀನನ್ನು ಅಳೆದು ಕೊಡುತ್ತದೆ, ಸಾಕಷ್ಟು ಸಿಗದ ಕೋಶ ಸಾಯುತ್ತದೆ. 1986ರಲ್ಲಿ ಲೆವಿ ಮೊಂಟಾಲ್ಚಿನಿ, ಕೊಹೆನ್ ಇಬ್ಬರಿಗೂ ನೊಬೆಲ್ ಬಂತು.

ಆದರೆ ಸಾವು ಸುಮ್ನೆ ಉಪವಾಸದಿಂದ ಬರುವುದಲ್ಲ. ಸಿ. ಎಲೆಗನ್ಸ್ ಎಂಬ ಪುಟ್ಟ ಹುಳುವಿನಲ್ಲಿ ಹುಟ್ಟುವ 1090 ಕೋಶಗಳಲ್ಲಿ 131 ಸಾಯುತ್ತವೆ, ಪ್ರತಿ ಹುಳುವಿನಲ್ಲೂ ಅವೇ. ಅವುಗಳನ್ನು ಕೊಲ್ಲುವ ಜೀನ್‌ಗಳನ್ನು ರಾಬರ್ಟ್ ಹಾರ್ವಿಟ್ಜ್ ತಂಡ ಗುರುತಿಸಿತು. ಅವುಗಳಲ್ಲಿ ಒಂದು ಜೀನ್ ಕ್ಯಾಸ್ಪೇಸ್ ಎಂಬ, ಕೋಶದೊಳಗಿನ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ ತಯಾರಿಸುತ್ತದೆ. ನಮ್ಮಲ್ಲೂ ಅದೇ ಬಗೆಯ ಕ್ಯಾಸ್ಪೇಸ್‌ಗಳಿವೆ. ಅಂದರೆ ಸಾಯುವ ಸಿದ್ಧತೆ ಕೋಶದೊಳಗೇ ಇದೆ, ಎನ್‌ಜಿಎಫ್ ಅದನ್ನು ತಡೆಹಿಡಿಯುತ್ತದೆ ಅಷ್ಟೇ. ಕ್ಯಾಸ್ಪೇಸ್-9 ಇಲ್ಲದ ಇಲಿಮರಿಗಳ ಮಿದುಳು ಅತಿಯಾಗಿ ಬೆಳೆಯುತ್ತದೆ, ಹೆಚ್ಚಿನವು ಬದುಕುವುದೇ ಇಲ್ಲ.

ಮಿದುಳಿನ ಒಳಗೆ ಮಾತ್ರ ಲೆಕ್ಕ ಇಷ್ಟು ಸರಳವಿಲ್ಲ. 2012ರ ಒಂದು ಪ್ರಯೋಗದಲ್ಲಿ, ಇಲಿಮರಿಗಳ ಮಿದುಳಿಗೆ ಹೊಸದಾಗಿ ಕಸಿ ಮಾಡಿದ ಇಂಟರ್‌ನ್ಯೂರಾನ್‌ಗಳು (ಅಕ್ಕಪಕ್ಕದ ನರಕೋಶಗಳನ್ನು ಹತೋಟಿಯಲ್ಲಿಡುವ ಕೋಶಗಳು) ಅಲ್ಲಿನ ಕೋಶಗಳ ವೇಳೆಗಲ್ಲ, ತಮ್ಮದೇ ವಯಸ್ಸಿಗೆ ಸರಿಯಾಗಿ ಸತ್ತವು. ಎಷ್ಟು ಕೋಶ ಹಾಕಿದರೂ ಸಾಯುವ ಪಾಲು ಹೆಚ್ಚುಕಡಿಮೆ ಒಂದೇ. ಪಕ್ಕದ ಪಿರಮಿಡ್ ಕೋಶಗಳ (ಪಿರಮಿಡ್ ಆಕಾರದ, ಸುತ್ತಲಿನ ಕೋಶಗಳನ್ನು ಪ್ರಚೋದಿಸುವ ನರಕೋಶಗಳ) ಚಟುವಟಿಕೆ ಹೆಚ್ಚಾದರೆ ಇಂಥ ಕೋಶಗಳು ಜಾಸ್ತಿ ಉಳಿಯುತ್ತವೆ ಎಂಬುದು ಆಮೇಲೆ ಗೊತ್ತಾಯಿತು.