ಮೀನು ಮಾರುವವರು ಹೇಗೆ ಕೂರುತ್ತಾರೆ, ಮೊದಲು ಅದನ್ನು ಅಳೆಯಿರಿ

ಡಿಸೆಂಬರ್ ಬಂತೆಂದರೆ ಕಾರವಾರಕ್ಕೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬರಲು ಶುರು. ಹುಬ್ಬಳ್ಳಿ, ಬೆಳಗಾವಿ, ಗೋವಾ, ಬೆಂಗಳೂರು, ಎಲ್ಲ ಕಡೆಯವರೂ ಇರುತ್ತಾರೆ. ಐದು ವರ್ಷದ ಬಿ.ಆರ್ಕ್ ಕೋರ್ಸಿನ ಕೊನೆಗೆ ಒಂದು ಥೀಸಿಸ್ ಮಾಡಬೇಕಲ್ಲ, ಅದಕ್ಕೆ. ಈಗೀಗ ರೆಸಾರ್ಟು, ಮ್ಯೂಸಿಯಂ ಬಿಟ್ಟು ಊರಿನ ಕಷ್ಟವನ್ನೇ ಕೈಗೆತ್ತಿಕೊಳ್ಳುವವರು ಜಾಸ್ತಿ. ಮೀನು ಮಾರುಕಟ್ಟೆ, ಬೀದಿ ವ್ಯಾಪಾರ, ಹೆಂಗಸರ ಶೌಚಾಲಯ, ಪುನರ್ವಸತಿ ಕಾಲನಿ. ಒಳ್ಳೆಯದೇ. ಕೆಲವರು ಡ್ರಾಯಿಂಗ್ ಹಿಡಿದು ನನ್ನ ಆಫೀಸಿಗೆ ಬರುತ್ತಾರೆ, ಕೆಲವು ಕಾಲೇಜಿನವರು ಜ್ಯೂರಿಗೆ, ಅಂದರೆ ವಿದ್ಯಾರ್ಥಿಗಳ ಕೆಲಸ ನೋಡಿ ಅಂಕ ಕೊಡಲು, ಕರೆಯುತ್ತಾರೆ. ಹೀಗೆ ನೋಡಿದ ಡ್ರಾಯಿಂಗ್ ಶೀಟುಗಳಲ್ಲಿ ಮುಕ್ಕಾಲು ಪಾಲು ಒಂದೇ ದಾರಿ ಹಿಡಿದಿರುತ್ತವೆ: ಸಮಸ್ಯೆ ದೊಡ್ಡದು, ಹಾಗಾಗಿ ಕಟ್ಟಡವೂ ದೊಡ್ಡದು. ನನ್ನ ತಕರಾರು ಇರುವುದು ಇಲ್ಲೇ.

ಮೀನು ಮಾರುಕಟ್ಟೆಯನ್ನೇ ನೋಡೋಣ. ವಿದ್ಯಾರ್ಥಿ ಪ್ರಶ್ನೆಪಟ್ಟಿ ಹಿಡಿದು ಹೋಗುತ್ತಾನೆ. "ಅಕ್ಕಾ, ನಿಮಗೆ ಎಂಥಾ ಮಾರ್ಕೆಟ್ ಬೇಕು?" ಬೆಳಗಿನ ವ್ಯಾಪಾರದ ಗಡಿಬಿಡಿಯಲ್ಲಿ ಅವರು ಏನು ಹೇಳಿಯಾರು? "ಎಂತದಾದ್ರೂ ಮಾಡ್ರೋ ತಮ್ಮಾ, ಬಿಸಿಲು ಬರದಿದ್ರೆ ಸಾಕು." ಅದೇ ವಾಕ್ಯ ಶೀಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಕೆಳಗೆ ಎರಡು ಮಹಡಿಯ ಕಟ್ಟಡ, ಮೇಲೊಂದು ಫುಡ್ ಕೋರ್ಟ್.

ಕೇಳುವುದನ್ನು ಸ್ವಲ್ಪ ಬದಿಗಿಟ್ಟು ಒಂದು ಬೆಳಿಗ್ಗೆ ಟೇಪ್ ಹಿಡಿದು ಪಕ್ಕದಲ್ಲಿ ಕೂತರೆ ಕಾಣುವುದೇ ಬೇರೆ. ಮೀನು ಮಾರುವ ಹೆಂಗಸರು ಗಿಡ್ಡ ಮಣೆಯ ಮೇಲೋ ನೆಲದ ಮೇಲೋ ಕೂರುತ್ತಾರೆ. ಎದುರಿಗೆ ಬುಟ್ಟಿ ಅಥವಾ ಹಲಗೆ, ಪಕ್ಕದಲ್ಲಿ ಐಸಿನ ಪೆಟ್ಟಿಗೆ. ಮೆಟ್ಟುಗತ್ತಿಯಲ್ಲಿ ಮೀನು ಹೆಚ್ಚುವವರು ಅದನ್ನು ಕಾಲಲ್ಲಿ ಒತ್ತಿ ಹಿಡಿಯಬೇಕು. ಇವರಿಗೆ ನಾವು ಅಡುಗೆಮನೆಯ ಕಟ್ಟೆಯ ಹಾಗೆ ಎರಡೂಮುಕ್ಕಾಲು ಅಡಿ ಎತ್ತರದ ಗ್ರಾನೈಟ್ ಕೌಂಟರ್ ಬರೆದುಕೊಟ್ಟರೆ ಏನಾಗುತ್ತದೆ? ಒಂದೋ ಕೌಂಟರಿನ ಮೇಲೇ ಹತ್ತಿ ಕೂರುತ್ತಾರೆ, ಇಲ್ಲವೇ ಅದನ್ನು ಸಾಮಾನಿಡಲು ಬಿಟ್ಟು ಕೆಳಗೆ ನೆಲದಲ್ಲೇ ಕೂರುತ್ತಾರೆ. ಕೂರುವ ಜಗಲಿಯನ್ನೇ ಒಂದೂವರೆ ಅಡಿ ಎತ್ತರಿಸಿ, ಮೀನಿನ ಹಲಗೆಯನ್ನು ಅದೇ ಮಟ್ಟಕ್ಕೆ ಮುಂದೆ ಇಟ್ಟರೆ ಇಬ್ಬರಿಗೂ ಸುಲಭ. ಕೊಳ್ಳುವವರು ಪೂರಾ ಬಗ್ಗಬೇಕಿಲ್ಲ, ಮಾರುವವರು ದಿನವಿಡೀ ನಿಲ್ಲಬೇಕಿಲ್ಲ.

ಆಮೇಲೆ ಬೆಳಕು. ಛಾವಣಿಗೆ ನೀಲಿಯೋ ಹಸಿರೋ ಪ್ಲಾಸ್ಟಿಕ್ ಶೀಟು ಹಾಕಿದ ಡ್ರಾಯಿಂಗ್ ಬಂದರೆ ನಾನು ಮೊದಲು ಅದಕ್ಕೇ ಗೆರೆ ಎಳೆಯುತ್ತೇನೆ. ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುತ್ತಾರೆ, ಅಲ್ವಾ? ಕೆಂಪಗಿದ್ದರೆ ತಾಜಾ. ನೀಲಿ ಬೆಳಕಿನಡಿ ಆ ಕೆಂಪು ಕಪ್ಪಾಗಿ ಕಾಣುತ್ತದೆ. ಬೆಳಿಗ್ಗೆ ಹಿಡಿದ ಬಂಗಡೆಯೂ ನಿನ್ನೆಯದರಂತೆ ಕಂಡರೆ ಯಾರು ಕೊಳ್ಳುತ್ತಾರೆ? ಮಾರುವವರು ಬುಟ್ಟಿ ಎತ್ತಿಕೊಂಡು ರಸ್ತೆಬದಿಗೆ ಹೋಗುತ್ತಾರೆ. ನಾವು ಅದಕ್ಕೆ 'ಅಶಿಸ್ತು' ಅನ್ನುತ್ತೇವೆ.

ಒಳಗಿನ ಸಾಲುಗಳು ಖಾಲಿ ಬೀಳುವುದಕ್ಕೂ ಇಂಥದ್ದೇ ಕಾರಣ. ಬಾಗಿಲು ಒಂದೇ ಆದರೆ ಬಾಗಿಲ ಬಳಿ ಕೂತವರಿಗೆ ಮಾತ್ರ ವ್ಯಾಪಾರ. ಉದ್ದಕ್ಕೆ ತೆಳ್ಳಗೆ, ಎರಡೂ ಕಡೆ ತೆರೆದ ಒಂದು ಚಪ್ಪರ ಸಾಕು, ಜಾಗದ ಜಗಳ ಅರ್ಧ ಕಡಿಮೆಯಾಗುತ್ತದೆ.

ನೀರಿನ ವಿಷಯ ಇನ್ನೂ ದೊಡ್ಡದು. ಐಸ್ ದಿನವಿಡೀ ಕರಗುತ್ತದೆ. ನೆಲಕ್ಕೆ ಮೀಟರಿಗೆ ಎರಡು ಸೆಂ.ಮೀ. ಇಳಿಜಾರು ಇಲ್ಲದಿದ್ದರೆ ಆ ನೀರು ನಿಂತು ನಾರುತ್ತದೆ. ಚರಂಡಿ ಇದ್ದರೂ ಮೀನಿನ ಹುರುಪೆ ತಡೆಯಲು ಜಾಳಿ ಬೇಕು. ಜಾಳಿ ಕೈಯಲ್ಲಿ ಎತ್ತಿ ತೊಳೆಯುವಂತಿರಬೇಕು. ಇಷ್ಟನ್ನು ಸೆಕ್ಷನ್ನಿನಲ್ಲಿ, ಅಂದರೆ ಕಟ್ಟಡವನ್ನು ಸೀಳಿ ತೋರಿಸುವ ಚಿತ್ರದಲ್ಲಿ, ಸರಿಯಾಗಿ ಬರೆದ ಹುಡುಗಿಗೆ ನಾನು ಫುಡ್ ಕೋರ್ಟ್ ಬರೆದವನಿಗಿಂತ ಜಾಸ್ತಿ ಅಂಕ ಕೊಡುತ್ತೇನೆ.

ಇನ್ನೊಂದು ತೊಂದರೆ ಕ್ಯಾಲೆಂಡರಿನದು. ಥೀಸಿಸ್ ನಡೆಯುವುದು ಜನವರಿಯಿಂದ ಮೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ, ಅದರಲ್ಲಿ ಹೆಚ್ಚಿನದು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್. ಅಂದರೆ ಸೈಟ್ ನೋಡಿದವರು ಮಳೆಯನ್ನೇ ನೋಡಿರುವುದಿಲ್ಲ. ಎರಚಲು ಅಡ್ಡಡ್ಡ ಹೊಡೆಯುತ್ತದೆ ಅಂತ ಚಳಿಗಾಲದಲ್ಲಿ ಯಾರಿಗೆ ಹೊಳೆಯುತ್ತದೆ? ಮಳೆಗಾಲಕ್ಕೆ ಮತ್ತೆ ಬರಲಾಗದವರು ಗೋಡೆಯ ಪಾಚಿ ಎಲ್ಲಿಯವರೆಗೆ ಹತ್ತಿದೆ, ಕಬ್ಬಿಣದ ಕಂಬ ಯಾವ ಬದಿಗೆ ಹೆಚ್ಚು ತುಕ್ಕು ಹಿಡಿದಿದೆ ನೋಡಲಿ. ಮಳೆ ಅಲ್ಲಿ ಗುರುತು ಬಿಟ್ಟುಹೋಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಬೇರೆ. ಆ ಎರಡು ತಿಂಗಳು ಮಾರುಕಟ್ಟೆಯಲ್ಲಿ ಒಣಮೀನು, ನಾಡದೋಣಿಯ ಮೀನು, ಹೊರಗಿನಿಂದ ಬಂದ ಮೀನು ಯಾವುದು ಎಷ್ಟಿರುತ್ತದೆ ಅಂತ ತಿಳಿಯದೆ ಎಷ್ಟು ಜನಕ್ಕೆ ಜಾಗ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ತುಕ್ಕಿನ ಮಾತು ಬಂತು, ಹೇಳಿಬಿಡುತ್ತೇನೆ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಕನಿಷ್ಠ ಎಂ30 ದರ್ಜೆಯ ಮಿಶ್ರಣ ಬೇಕು, ಒಳಗಿನ ಕಬ್ಬಿಣದ ಸರಳಿನ ಮೇಲೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ ಬೇಕು. ಶೀಟುಗಳಲ್ಲಿ ತೆಳ್ಳಗಿನ ಉಕ್ಕಿನ ಕಂಬಗಳು ಚೆಂದವೇನೋ ಹೌದು, ಆದರೆ ಪ್ರತಿ ವರ್ಷ ಪೇಂಟ್ ಹೊಡೆಯುವವರು ಯಾರು? ಸಮುದ್ರಕ್ಕೆ ಮುಖ ಮಾಡಿ ಬರೆಯುವ ಆಸೆಗೂ ಕಡಿವಾಣ ಬೇಕು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಊರೊಳಗೆ ಹೊಸ ಕಟ್ಟಡ ಸಾಮಾನ್ಯವಾಗಿ ಈಗಿರುವ ರಸ್ತೆಯ ಒಳಬದಿಗೇ ಬರಬೇಕು. ಮೀನು ಒಣಗಿಸುವ ಅಂಗಳ, ಬಲೆ ಹೆಣೆಯುವ ಜಾಗ, ಹರಾಜು ಕಟ್ಟೆಯಂಥವಕ್ಕೆ ವಿನಾಯಿತಿ ಇದೆ. ಇವೇ ಒಳ್ಳೆಯ ಥೀಸಿಸ್ ವಿಷಯಗಳು, ಆದರೆ ಸುಮ್ನೆ ಬಿಟ್ಟುಬಿಡುತ್ತಾರೆ.

ಶೌಚಾಲಯಕ್ಕೆ ಬಂದರೆ ನಾನು ಜ್ಯೂರಿಯಲ್ಲಿ ಕೇಳುವುದು ಒಂದೇ: ಬೀಗದ ಕೈ ಯಾರ ಹತ್ತಿರ ಇರುತ್ತದೆ? ಬೆಳಗಿನ ಜಾವ ಬರುವ ಹೆಂಗಸರಿಗೆ ಒಂಬತ್ತು ಗಂಟೆಗೆ ಬಾಗಿಲು ತೆರೆದರೆ ಏನು ಬಂತು? ಶೌಚದ ನೀರು ಇಂಗಿಸುವ ಜೋಡಿಗುಂಡಿ ಅಂತ ಬರೆದರೆ ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ಉಸುಕಿನ ನೆಲದಡಿ ನೀರು ಮೇಲೇ ಇರುತ್ತದೆ, ಗುಂಡಿ ಇಂಗುವ ಬದಲು ತುಂಬಿಕೊಳ್ಳುತ್ತದೆ, ಹತ್ತಿರದ ಬಾವಿಯೂ ಕೆಡುತ್ತದೆ. ಇದಕ್ಕೆ ಉತ್ತರವಿಲ್ಲದ ಎಲಿವೇಶನ್, ಅಂದರೆ ಕಟ್ಟಡದ ಹೊರನೋಟ, ಎಷ್ಟು ಚೆಂದವಿದ್ದರೇನು?

ಪುನರ್ವಸತಿಯ ವಿಷಯ ಆರಿಸಿಕೊಳ್ಳುವವರಿಗೆ ಇಂದೋರಿನ 'ಅರಣ್ಯ' ಎಂಬ ಬಡಾವಣೆ ಗೊತ್ತಿರುತ್ತದೆ. ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿಯವರು ಅಲ್ಲಿ ಬಡವರಿಗೆ ಪ್ಲಿಂತ್ (ಮನೆಯ ತಳಕಟ್ಟು), ನೀರು, ಶೌಚಾಲಯದಂಥ ಆರಂಭದ ಭಾಗ ಕೊಟ್ಟು ಉಳಿದದ್ದನ್ನು ಮನೆಯವರಿಗೇ ಬಿಟ್ಟರು. ಅದರ ಫೋಟೋ ಅಂಟಿಸಿದರೆ ಸಾಲದು. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ಕಾಲನಿಗಳು ಇಲ್ಲೇ ಇವೆ. ಅಲ್ಲಿನ ಮನೆಗಳಿಗೆ ಜನ ಏನೇನು ಸೇರಿಸಿಕೊಂಡಿದ್ದಾರೆ, ಯಾವ ದಿಕ್ಕಿಗೆ ತಗಡಿನ ಇಳಿಮಾಡು ಎಳೆದಿದ್ದಾರೆ, ಎಲ್ಲಿ ಕಟ್ಟಿಗೆ ಒಟ್ಟಿದ್ದಾರೆ, ಇವನ್ನು ಅಳೆದು ಬರೆದರೆ ಅರ್ಧ ಥೀಸಿಸ್ ಆಯಿತು.

ಬೀದಿ ವ್ಯಾಪಾರದವರ ಬಗ್ಗೆ ಬರೆಯುವವರು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಓದಿಕೊಂಡೇ ಬರಲಿ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯ ಸ್ಥಾನ ವ್ಯಾಪಾರಿಗಳಿಗೇ ಸಲ್ಲಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ. ಡ್ರಾಯಿಂಗ್ ತೋರಿಸಬೇಕಾದ್ದು ಮೊದಲು ಆ ಸಮಿತಿಗೆ.

ಕಾಲೇಜುಗಳಿಗೂ ಒಂದು ಮಾತು. ಅಮೆರಿಕದ ಅಲಬಾಮಾದಲ್ಲಿ ಆಬರ್ನ್ ವಿಶ್ವವಿದ್ಯಾಲಯದ ರೂರಲ್ ಸ್ಟುಡಿಯೊ, ಅಂದರೆ ವಿದ್ಯಾರ್ಥಿಗಳೇ ಹಳ್ಳಿಯ ಜನರಿಗೆ ಕಟ್ಟಡ ಬರೆದು ಕಟ್ಟುವ ಕಾರ್ಯಕ್ರಮ, 1993ರಿಂದ ನಡೆಯುತ್ತಿದೆ. ವಿದ್ಯಾರ್ಥಿಗಳು ಬದಲಾಗುತ್ತಾರೆ, ಆದರೆ ಸ್ಟುಡಿಯೊ ಅದೇ ಸೀಮೆಯಲ್ಲಿ ಉಳಿದು ಕಟ್ಟುತ್ತಲೇ ಇದೆ. ನಮ್ಮಲ್ಲಿ ಪ್ರತಿ ಬ್ಯಾಚೂ ಹೊಸದಾಗಿ ಅದೇ ಸಮೀಕ್ಷೆ ಮಾಡುತ್ತದೆ, ಅದೇ ಅಕ್ಕಂದಿರಿಗೆ ಅದೇ ಪ್ರಶ್ನೆ ಕೇಳುತ್ತದೆ. ಒಂದು ಕಾಲೇಜು ಒಂದೇ ಮಾರುಕಟ್ಟೆಯನ್ನು ನಾಲ್ಕೈದು ವರ್ಷ ಹಿಡಿದುಕೊಳ್ಳಲಿ. ಮೊದಲ ಬ್ಯಾಚು ಅಳೆಯಲಿ, ಎರಡನೆಯದು ಹತ್ತು ಜನ ಕೂರುವಷ್ಟು ಜಗಲಿ, ಅದರ ಚರಂಡಿ, ಮಾಡು ಇಷ್ಟನ್ನೇ ಬರೆಯಲಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲೇ ಎಸ್ಟಿಮೇಟ್ ಮಾಡಲಿ, ಆಗ ನಗರಸಭೆಯ ಎಂಜಿನಿಯರ್ ಅದನ್ನು ಫೈಲಿಗೆ ಹಾಕಲು ದಾರಿ ಇರುತ್ತದೆ. ಕಟ್ಟಿದ ಮೇಲೆ ಮೂರನೆಯ ಬ್ಯಾಚು ಮಳೆಗಾಲದಲ್ಲಿ ಬಂದು ನೀರು ಎಲ್ಲಿ ನಿಲ್ಲುತ್ತದೆ ನೋಡಲಿ.