ಹೀರಿದ ಧೂಳನ್ನು ಎಲ್ಲಿ ಸುರಿಯುವುದು?

ನಮ್ಮ ಮನೆಯ ಬಾಲ್ಕನಿಗೆ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಓರೆಯಾಗಿ ಬಿಸಿಲು ಬೀಳುತ್ತದೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಅದೇ ಹೊತ್ತಿಗೆ ವ್ಯಾಕ್ಯೂಮ್ ಕ್ಲೀನರಿನ ಪಾರದರ್ಶಕ ಡಬ್ಬಿಯನ್ನು ಕಸದ ಬುಟ್ಟಿಯ ಮೇಲೆ ಹಿಡಿದು ತಳದ ಮುಚ್ಚಳ ತೆರೆದೆ. ಕೂದಲು, ನೂಲಿನ ಎಳೆ, ಅಕ್ಕಿಯ ನುಚ್ಚು ಎಲ್ಲವೂ ಉಂಡೆಯಾಗಿ ಬುಟ್ಟಿಗೆ ಬಿದ್ದವು. ಅವುಗಳ ಹಿಂದೆಯೇ ಬೂದುಬಣ್ಣದ ಹೊಗೆಯಂಥದ್ದೊಂದು ಮೇಲೆದ್ದು, ಬಿಸಿಲುಕೋಲಿನಲ್ಲಿ ಮಿನುಗುತ್ತ, ತೆರೆದ ಬಾಗಿಲಿನಿಂದ ನಡುಮನೆಯ ಕಡೆಗೇ ತೇಲಿಹೋಯಿತು. ಅರ್ಧ ಗಂಟೆ ಹೀರಿ ತೆಗೆದ ಧೂಳಿನಲ್ಲಿ ಅತ್ಯಂತ ನುಣ್ಣಗಿನ ಪಾಲು ಮತ್ತೆ ಒಳಗೆ ಸೇರಿತ್ತು. ಉಬ್ಬಸವಿರುವ ನನ್ನ ತಂಗಿ ಆ ವಾರ ನಮ್ಮಲ್ಲಿಗೆ ಬಂದಿದ್ದಳು. ಸ್ವಲ್ಪ ಹೊತ್ತಿನಲ್ಲೇ ಅವಳಿಗೆ ಸೀನು ಹತ್ತಿತು.

ಬ್ಯಾಗ್ ಇರುವ ಯಂತ್ರ ಕೊಳ್ಳಬೇಕೋ, ಬ್ಯಾಗ್ ಇಲ್ಲದ ಡಬ್ಬಿಯ ಯಂತ್ರ ಕೊಳ್ಳಬೇಕೋ ಎಂಬ ಚರ್ಚೆ ಸಾಮಾನ್ಯವಾಗಿ ಹೀರುವ ಶಕ್ತಿ ಮತ್ತು ಬೆಲೆಯ ಸುತ್ತಲೇ ನಡೆಯುತ್ತದೆ. ಆದರೆ ಧೂಳು ಯಂತ್ರದೊಳಗೆ ಹೋಗುವ ಗಳಿಗೆಗಿಂತ ಅದು ಯಂತ್ರದಿಂದ ಹೊರಬರುವ ಗಳಿಗೆಯೇ ಈ ಆಯ್ಕೆಯನ್ನು ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ. ಧೂಳಿನ ಕಣಗಳು ಕೆಳಗೆ ಕೂರಲು ತೆಗೆದುಕೊಳ್ಳುವ ಸಮಯವನ್ನು ನೋಡಿದರೆ ಇದಕ್ಕೆ ಕಾರಣ ಸಿಗುತ್ತದೆ.

ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ನೀರಿನಷ್ಟೇ ಸಾಂದ್ರತೆಯುಳ್ಳ 100 ಮೈಕ್ರಾನಿನ ಕಣವೊಂದು ಅಲುಗಾಡದ ಗಾಳಿಯಲ್ಲಿ ಒಂದು ಮೀಟರ್ ಎತ್ತರದಿಂದ ನೆಲಕ್ಕಿಳಿಯಲು ಸುಮಾರು ನಾಲ್ಕು ಸೆಕೆಂಡು ಸಾಕು. 10 ಮೈಕ್ರಾನಿನ ಕಣಕ್ಕೆ ಐದೂವರೆ ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕೆ ಹೆಚ್ಚುಕಡಿಮೆ ಎಂಟು ಗಂಟೆ ಬೇಕು, ಅದೂ ಫ್ಯಾನ್ ತಿರುಗದ, ಯಾರೂ ಓಡಾಡದ ಕೋಣೆಯಲ್ಲಿ. ಅಂದರೆ ಕಣ್ಣಿಗೆ ಕಾಣುವ ಕಸ ಬೇಗ ನೆಲ ಸೇರುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಧೂಳು ಮಾತ್ರ ದಿನವಿಡೀ ತೇಲುತ್ತಿರುತ್ತದೆ. ಪೊರಕೆಯಿಂದ ಜೋರಾಗಿ ಗುಡಿಸಿದಾಗ ಆಗುವುದೂ ಇದೇ.

ಇನ್ನು ಧೂಳಿನ ನುಸಿ. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಉದ್ದವಿಲ್ಲದ ಈ ಜೀವಿ ಹಾಸಿಗೆ, ದಿಂಬು, ಸೋಫಾಗಳಲ್ಲಿ ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ತಿಂದು ಬದುಕುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿ ಮತ್ತು ಮಲೆನಾಡು ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲರ್ಜಿ ಬರಿಸುವುದು ಮುಖ್ಯವಾಗಿ ಇದರ ಹಿಕ್ಕೆಯಲ್ಲಿರುವ ಪ್ರೋಟೀನುಗಳು. ಹಿಕ್ಕೆಯ ಕಣಗಳು ಸುಮಾರು 20 ಮೈಕ್ರಾನ್ ಗಾತ್ರದವಾದ್ದರಿಂದ ಗಾಳಿಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಒಂದೆರಡು ನಿಮಿಷದಲ್ಲಿ ಕೆಳಗೆ ಕೂರುತ್ತವೆ. ಹಾಸಿಗೆ ಕೊಡವುವಾಗ, ಕಸ ಗುಡಿಸುವಾಗ, ಯಂತ್ರದ ಡಬ್ಬಿ ಸುರಿಯುವಾಗ, ಹೀಗೆ ಯಾರಾದರೂ ಕೆದಕಿದಾಗ ಮಾತ್ರ ಅವು ಮೂಗಿನ ಮಟ್ಟಕ್ಕೆ ಏಳುತ್ತವೆ. ಆದ್ದರಿಂದಲೇ ಕೆದಕುವ ಆ ಒಂದು ನಿಮಿಷ ಅಲರ್ಜಿ ಇರುವವರಿಗೆ ಅಷ್ಟು ಮುಖ್ಯ.

ಗಾಳಿಯಿಂದ ಧೂಳನ್ನು ಬೇರ್ಪಡಿಸುವ ಎರಡು ದಾರಿಗಳೂ ನಮ್ಮ ಹಿರಿಯರಿಗೆ ಗೊತ್ತಿದ್ದವೇ. ಒಂದು, ಔಷಧದ ಚೂರ್ಣವನ್ನು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುವಂತೆ ಶೋಧಿಸುವುದು. ಇನ್ನೊಂದು, ಒಕ್ಕಣೆಯ ಕಣದಲ್ಲಿ ರಾಶಿ ತೂರುವಂತೆ, ಭಾರವಾದದ್ದು ಒಂದೆಡೆ ಹಗುರಾದದ್ದು ಇನ್ನೊಂದೆಡೆ ಬೀಳುವ ಹಾಗೆ ಮಾಡುವುದು. ಬ್ಯಾಗ್ ಮೊದಲನೆಯ ದಾರಿ ಹಿಡಿದಿದೆ, ಡಬ್ಬಿಯ ಯಂತ್ರ ಎರಡನೆಯದನ್ನು.

ಶೋಧಿಸುವ ಬಗೆಯೇ ಹಳೆಯದು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವಿಟ್ಟು ಬಾಯಿಂದಲೇ ಗಾಳಿ ಎಳೆದು, ಬಟ್ಟೆಯ ಅಡಿಯಲ್ಲಿ ಅಂಟಿದ ಧೂಳನ್ನು ನೋಡಿ, ಧೂಳನ್ನು ಹೀರಿ ಬಟ್ಟೆಯಲ್ಲಿ ಶೋಧಿಸುವ ತನ್ನ ಯೋಚನೆ ಸರಿಯೆಂದು ಖಚಿತಪಡಿಸಿಕೊಂಡ. ಕೆಲವೇ ವರ್ಷಗಳ ನಂತರ ಅಮೆರಿಕದ ಒಹಾಯೊದಲ್ಲಿ ಮಳಿಗೆಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್, ಫ್ಯಾನಿನ ಮೋಟರಿಗೆ ದಿಂಬಿನ ಚೀಲ ಕಟ್ಟಿ ಕೈಯಲ್ಲಿ ತಳ್ಳುವ ಯಂತ್ರ ಮಾಡಿದ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವನಿಗೂ ಉಬ್ಬಸವಿತ್ತು, ಗುಡಿಸುವಾಗ ಏಳುವ ಧೂಳೇ ಅವನನ್ನು ಈ ಕೆಲಸಕ್ಕೆ ಹಚ್ಚಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಅವನ ಮೇಲೆ ಗೌರವ ಮೂಡುತ್ತದೆ.

ಬಟ್ಟೆಯ ಚೀಲಕ್ಕೊಂದು ಮಿತಿಯಿದೆ. ನಾವು ಮೊದಲು ಕೊಂಡಿದ್ದ ಯಂತ್ರದ ಬ್ಯಾಗುಗಳು ಕೆಲವು ವರ್ಷಗಳ ನಂತರ ಸಿಗದಾದಾಗ, ಅಮ್ಮ ಹಳೆಯ ಪಂಚೆಯ ತುಂಡಿನಿಂದ ಅಳತೆಗೆ ಸರಿಯಾಗಿ ಒಂದು ಚೀಲ ಹೊಲಿದುಕೊಟ್ಟರು. ಎರಡು ತಿಂಗಳಾದ ಮೇಲೆ ಯಂತ್ರ ಬಿಚ್ಚಿ ನೋಡಿದರೆ ಮೋಟರಿನ ಸುತ್ತ ಮೈದಾ ಹಿಟ್ಟಿನಷ್ಟು ನುಣುಪಾದ ಧೂಳು ಬೆರಳುದ್ದ ಕೂತಿತ್ತು. ನೇಯ್ದ ಬಟ್ಟೆಯ ಎಳೆಗಳ ನಡುವಿನ ಸಂದು ನುಣ್ಣನೆಯ ಕಣಗಳಿಗೆ ಹೆಬ್ಬಾಗಿಲು. ಈಗಿನ ಬಳಸಿ ಎಸೆಯುವ ಬ್ಯಾಗುಗಳು ನೇಯ್ದವಲ್ಲ. ಅಡ್ಡಾದಿಡ್ಡಿ ಹರಡಿದ ಸಿಂಥೆಟಿಕ್ ನಾರುಗಳ ಹಲವು ಪದರಗಳು ಅವುಗಳಲ್ಲಿರುತ್ತವೆ. ಒಳ್ಳೆಯ ಬ್ಯಾಗಿನ ಬಾಯಿಗೆ ತಾನೇ ಮುಚ್ಚಿಕೊಳ್ಳುವ ಮುಚ್ಚಳವೂ ಇರುತ್ತದೆ. ತುಂಬಿದ ಮೇಲೆ ಹಾಗೆಯೇ ಎತ್ತಿ ಎಸೆಯಬಹುದು, ಧೂಳಿನ ಮುಖ ನೋಡಬೇಕಾಗಿಲ್ಲ. ನಮ್ಮಲ್ಲಿ ಬ್ಯಾಗ್ ಇರುವುದೆಂದು ಮಾರುವ ಎಷ್ಟೋ ಯಂತ್ರಗಳ ಜೊತೆ ಕೊಡವಿ ಮತ್ತೆ ಬಳಸುವ ಬಟ್ಟೆಯ ಬ್ಯಾಗ್ ಮಾತ್ರ ಬರುತ್ತದೆ ಎಂಬುದನ್ನು ಅಂಗಡಿಯಲ್ಲಿ ತಪ್ಪದೆ ವಿಚಾರಿಸಿಕೊಳ್ಳಬೇಕು. ಬ್ಯಾಗಿನ ಮುಖ್ಯ ಲಾಭವನ್ನೇ ಅದು ಕಳೆದುಬಿಡುತ್ತದೆ.

ಬ್ಯಾಗಿನ ನಿಜವಾದ ದೋಷ ಬೇರೆ. ಹೀರಿದ ಗಾಳಿಯೆಲ್ಲ ಅದರ ಗೋಡೆಯ ಮೂಲಕವೇ ಹೊರಡಬೇಕು. ಒಳಗೆ ಧೂಳಿನ ಪದರ ಕಟ್ಟುತ್ತ ಹೋದಂತೆ ಶೋಧನೆ ಉತ್ತಮಗೊಳ್ಳುತ್ತದೆ, ಗಾಳಿಯ ಹರಿವು ಮಾತ್ರ ಕುಗ್ಗುತ್ತದೆ. ಮುಕ್ಕಾಲು ಭಾಗ ತುಂಬಿದಾಗಲೇ ಬದಲಿಸಬೇಕೆನ್ನುವುದು ಅದಕ್ಕೇ. ಇದೇ ದೋಷ ಬ್ರಿಟನ್ನಿನ ಜೇಮ್ಸ್ ಡೈಸನ್ ಅವರನ್ನು 1970ರ ದಶಕದ ಕೊನೆಯಲ್ಲಿ ಕಾಡಿತು. ಗರಗಸದ ಮಿಲ್ಲುಗಳಲ್ಲಿ ಮರದ ಹೊಟ್ಟನ್ನು ಗಾಳಿಯಿಂದ ಬೇರ್ಪಡಿಸುತ್ತಿದ್ದ ದೊಡ್ಡ ಶಂಕುವಿನಾಕಾರದ ಸಾಧನವನ್ನು ಮನೆಯ ಯಂತ್ರದೊಳಕ್ಕೆ ಇಳಿಸಲು ಅವರು 5,127 ಮಾದರಿಗಳನ್ನು ಕಟ್ಟಿ ನೋಡಿದರು.

ಆ ಶಂಕುವಿನಲ್ಲಿ ಗಾಳಿ ಗೋಡೆಗೆ ಒತ್ತಿಕೊಂಡು ಸುಳಿಯಂತೆ ತಿರುಗುತ್ತದೆ. ಗಾಳಿಯ ಜೊತೆಗೆ ಅಷ್ಟು ಬಿರುಸಾಗಿ ಹೊರಳಲಾರದ ಭಾರದ ಕಣಗಳು ಗೋಡೆಗೆ ಬಡಿದು, ಜಾರಿ ಡಬ್ಬಿಗೆ ಬೀಳುತ್ತವೆ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿಯನ್ನು ಎರಡೂವರೆ ಸೆಂಟಿಮೀಟರ್ ತ್ರಿಜ್ಯದಲ್ಲಿ ಸುತ್ತಿಸಿದರೆ, ಕಣವನ್ನು ಹೊರಕ್ಕೆ ಒತ್ತುವ ಬಲ ಅದರ ತೂಕದ ಸುಮಾರು 1,600 ಪಟ್ಟಾಗುತ್ತದೆ. ತ್ರಿಜ್ಯ ಕಿರಿದಾದಷ್ಟೂ ಈ ಬಲ ಹೆಚ್ಚುವುದರಿಂದ ಕೆಲವು ಯಂತ್ರಗಳಲ್ಲಿ ಒಂದು ದೊಡ್ಡ ಶಂಕುವಿನ ಮೇಲೆ ಪುಟ್ಟ ಶಂಕುಗಳ ಗುಂಪೇ ಇರುತ್ತದೆ. ಆದರೂ ಕಣದ ಗಾತ್ರ ಅರ್ಧವಾದರೆ ಅದು ಗೋಡೆಯತ್ತ ಸರಿಯುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ತೀರ ಸಣ್ಣ ಕಣಗಳು ಸುಳಿಯಿಂದ ತಪ್ಪಿಸಿಕೊಂಡು ಮುಂದಿನ ಫಿಲ್ಟರಿಗೆ ಹೋಗಿ ಸೇರುತ್ತವೆ. ಬ್ಯಾಗ್ ಇಲ್ಲದ ಯಂತ್ರಕ್ಕೂ ಶೋಧಕ ಬೇಕೇ ಬೇಕು, ಅದು ಕಟ್ಟಿಕೊಂಡರೆ ಅದರ ಹೀರುವಿಕೆಯೂ ಕುಗ್ಗುತ್ತದೆ.

ಕಲ್ಲುಪುಡಿಯ ರಂಗೋಲಿ, ಕುಂಕುಮ, ಗೋಡೆಗೆ ಡ್ರಿಲ್ ಮಾಡಿದಾಗ ಉದುರುವ ಸಿಮೆಂಟ್ ಪುಡಿ ಇಂಥವು ಆ ಫಿಲ್ಟರಿಗೆ ಬಹು ಬೇಗ ಮೆತ್ತಿಕೊಳ್ಳುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದು ವಾಸಿ. ಫಿಲ್ಟರನ್ನು ತೊಳೆದರೆ ಪೂರ್ತಿ ಒಣಗಲು ಒಂದು ದಿನವಾದರೂ ಬೇಕು, ಆಷಾಢದ ಮಳೆಯಲ್ಲಿ ಮೂರು ದಿನವಾದರೂ ಒಣಗದು. ತೇವವಿರುವಾಗಲೇ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಮೋಟರಿಗೂ ಕೇಡು. ಮಳೆಯ ಸೀಮೆಯಲ್ಲಿ ಡಬ್ಬಿಯ ಯಂತ್ರ ಕೊಳ್ಳುವವರು ಇನ್ನೊಂದು ಫಿಲ್ಟರನ್ನು ಅಂದೇ ಕೊಂಡುಬಿಡುವುದು ಕ್ಷೇಮ.

ಫಿಲ್ಟರುಗಳ ಮೇಲೆ ಕಾಣುವ ಹೆಪಾ (HEPA) ಎಂಬ ಹೆಸರಿಗೂ ಒಂದು ಅಳತೆಯಿದೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ತಡೆಯುವ ಶೋಧಕ ಅದು. ಅದಕ್ಕಿಂತ ದೊಡ್ಡ ಕಣಗಳು ನಾರಿಗೆ ನೇರವಾಗಿ ತಗುಲಿ ಸಿಕ್ಕಿಬೀಳುತ್ತವೆ, ಚಿಕ್ಕವು ಗಾಳಿಯ ಅಣುಗಳ ಡಿಕ್ಕಿಯಿಂದ ಅತ್ತಿತ್ತ ತೊನೆಯುತ್ತ ನಾರಿಗೆ ಅಂಟುತ್ತವೆ, ನಡುವಿನ ಈ ಗಾತ್ರದವೇ ಹಿಡಿಯಲು ಕಷ್ಟ. ಆದರೆ ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ಅದರ ಅಂಚಿನ ರಬ್ಬರ್ ಸಡಿಲವಿದ್ದರೆ ಗಾಳಿ ಸುಲಭದ ಸಂದಿನಿಂದಲೇ ನುಸುಳುತ್ತದೆ. ಕೆಲವು ತಿಂಗಳು ಬಳಸಿದ ಮೇಲೆ ಫಿಲ್ಟರಿನ ಆಚೆ ಬದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಧೂಳಿದ್ದರೆ ಅದು ಮನೆಯೊಳಕ್ಕೂ ಬರುತ್ತಿದೆ ಎಂದರ್ಥ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅದು ಯಂತ್ರ ನುಂಗುವ ವಿದ್ಯುತ್ತಿನ ಲೆಕ್ಕವೇ ಹೊರತು ಹೀರುವ ಶಕ್ತಿಯದಲ್ಲ. ಯುರೋಪಿಯನ್ ಒಕ್ಕೂಟ 2017ರಿಂದ ಮನೆಬಳಕೆಯ ಯಂತ್ರಗಳನ್ನು 900 ವ್ಯಾಟಿನೊಳಗೆ ಇರಿಸಿದೆ, ಅಲ್ಲಿನ ಮನೆಗಳು ಅದರಲ್ಲೇ ಸ್ವಚ್ಛವಾಗುತ್ತಿವೆ.

ಮನೆಯಲ್ಲಿ ಯಾರಿಗಾದರೂ ಉಬ್ಬಸವೋ ಧೂಳಿನ ಅಲರ್ಜಿಯೋ ಇದ್ದರೆ, ಹಲವು ಪದರಗಳ ಬಳಸಿ ಎಸೆಯುವ ಬ್ಯಾಗ್ ಮತ್ತು ಬಿಗಿಯಾಗಿ ಕೂರುವ ಹೆಪಾ ಫಿಲ್ಟರ್ ಇರುವ ಯಂತ್ರವನ್ನೇ ಕೊಳ್ಳಿ ಎನ್ನುತ್ತೇನೆ. ತಿಂಗಳಿಗೊಂದು ಬ್ಯಾಗ್ ಎಂದರೆ ಹತ್ತು ವರ್ಷಕ್ಕೆ 120 ಆಗುತ್ತವೆ. ಆ ಖರ್ಚನ್ನು ಯಂತ್ರದ ಬೆಲೆಗೆ ಕೂಡಿಸಿಯೇ ಹೋಲಿಸಬೇಕು, ಒಂದು ವರ್ಷಕ್ಕಾಗುವಷ್ಟು ಬ್ಯಾಗುಗಳನ್ನು ಮೊದಲೇ ತರಿಸಿಡಬೇಕು. ಅಂಥ ತೊಂದರೆ ಯಾರಿಗೂ ಇಲ್ಲದ, ಬ್ಯಾಗ್ ಸುಲಭವಾಗಿ ಸಿಗದ ಊರಿನ ಮನೆಗೆ ಡಬ್ಬಿಯ ಯಂತ್ರವೇ ಅನುಕೂಲ. ಓಲೆಯ ತಿರುಪು ಕಳೆದುಹೋದಾಗ ಪಾರದರ್ಶಕ ಡಬ್ಬಿಯೊಳಗೆ ಅದು ಕಣ್ಣಿಗೆ ಬೀಳುತ್ತದೆಂಬುದೂ ಸಣ್ಣ ಲಾಭವಲ್ಲ.

ನಮ್ಮಲ್ಲಿ ಇನ್ನೂ ಆ ಡಬ್ಬಿಯ ಯಂತ್ರವೇ ಇದೆ. ಈಗ ಬಾಲ್ಕನಿಯ ಬಾಗಿಲು ಮುಚ್ಚಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಡಬ್ಬಿಯ ತಳವನ್ನು ದೊಡ್ಡ ಕಸದ ಕವರಿನೊಳಗೆ ಇಳಿಸಿ, ಕವರಿನ ಬಾಯಿಯನ್ನು ಡಬ್ಬಿಯ ಸುತ್ತ ಬಿಗಿಯಾಗಿ ಹಿಡಿದ ನಂತರವೇ ಮುಚ್ಚಳ ತೆರೆಯುತ್ತೇನೆ. ಎರಡು ನಿಮಿಷ ಹಾಗೆಯೇ ಬಿಟ್ಟು, ಧೂಳು ಬಹುಮಟ್ಟಿಗೆ ಕೆಳಗೆ ಕೂತ ಮೇಲೆ ಡಬ್ಬಿಯನ್ನು ಮೆಲ್ಲನೆ ಎತ್ತಿ ಕವರಿಗೆ ಗಂಟು ಹಾಕುತ್ತೇನೆ. ತಂಗಿ ಮಾತ್ರ ತನ್ನ ಮನೆಗೆ ಬ್ಯಾಗ್ ಇರುವುದನ್ನೇ ಕೊಂಡಿದ್ದಾಳೆ.