ಆಫೀಸಿಗೆ ಬೀಗ ಬಿದ್ಮೇಲೂ ಓಡೋ ಮೀಟರು

ವಾರಕ್ಕೆ 168 ಗಂಟೆ. ಒಂದು ಸರ್ಕಾರಿ ಆಫೀಸು ದಿನಕ್ಕೆ ಎಂಟು ಗಂಟೆಯಂತೆ ಐದು ದಿನ ನಡೆಯತ್ತೆ ಅಂತಿಟ್ಕೊಳಿ, 40 ಗಂಟೆ ಆಯ್ತು. ಮಿಕ್ಕ 128 ಗಂಟೆ ಅಲ್ಲಿ ಕಾವಲಿನವ್ರನ್ನ ಬಿಟ್ರೆ ಯಾರೂ ಇರಲ್ಲ, ಆದ್ರೆ ಮೀಟರು ಮಾತ್ರ ಓಡ್ತಾನೇ ಇರತ್ತೆ. ಯಾಕಂದ್ರೆ ಮಾನಿಟರ್ ಆಫ್ ಮಾಡಿದ್ರೆ ಕಂಪ್ಯೂಟರ್ರೇ ಆಫ್ ಆಯ್ತು ಅಂದ್ಕೊಂಡು ಹೋಗಿರ್ತಾರೆ, ಪ್ರಿಂಟರ್ರು ಹಸಿರು ದೀಪ ಹಾಕ್ಕೊಂಡು ರೆಡಿಯಾಗಿ ಕೂತಿರತ್ತೆ, ಯುಪಿಎಸ್ ಗುಂಯ್ ಅಂತಿರತ್ತೆ, ಕಾರಿಡಾರಿನ ಲೈಟಿನ ಸ್ವಿಚ್ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ, ವಾಟರ್ ಡಿಸ್ಪೆನ್ಸರ್ರು ಕುಡಿಯೋರೇ ಇಲ್ದೆ ರಾತ್ರಿಯಿಡೀ ಒಂದು ಕಡೆ ನೀರು ಕಾಯಿಸ್ತಾ ಇನ್ನೊಂದು ಕಡೆ ತಣ್ಣಗೆ ಮಾಡ್ತಾ ಇರತ್ತೆ.

ಸುಮ್ನೆ ಆನ್ ಆಗಿ ಕೂತಿರೋ ಡೆಸ್ಕ್‌ಟಾಪು ಸುಮಾರು 50 ವ್ಯಾಟ್ ಎಳೆಯತ್ತೆ. 128 ಗಂಟೆಗೆ 6.4 ಯೂನಿಟ್, ವರ್ಷಕ್ಕೆ 330 ಯೂನಿಟ್ ದಾಟತ್ತೆ. ಕಲ್ಲಿದ್ದಲಿನಿಂದ ಬರೋ ಕರೆಂಟಾದ್ರೆ ಯೂನಿಟ್ಟಿಗೆ ಹೆಚ್ಚುಕಮ್ಮಿ ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್, ಅಂದ್ರೆ ವರ್ಷಕ್ಕೆ 300 ಕೆಜಿ ಚಿಲ್ಲರೆ, ಅದೂ ಒಂದೇ ಒಂದು ಮೇಜಿನ ಲೆಕ್ಕ, ಅದೂ ಯಾರೂ ಕೂತಿಲ್ದೇ ಇರೋ ಹೊತ್ತಿನದ್ದು. ಇನ್ನು ಪರದೆ ಮೇಲೆ ಬಣ್ಣಬಣ್ಣದ ಗೆರೆ ಕುಣಿಸೋ ಸ್ಕ್ರೀನ್ ಸೇವರ್ ಇದ್ಯಲ್ಲ, ಅದು ಹಳೇ ಡಬ್ಬಾ ಮಾನಿಟರ್ ಕಾಲದ್ದು, ಒಂದೇ ಚಿತ್ರ ತುಂಬಾ ಹೊತ್ತು ನಿಂತ್ರೆ ಪರದೆಯ ಒಳಗಿನ ಲೇಪನದ ಮೇಲೆ ಅಚ್ಚು ಉಳಿದುಬಿಡ್ತಿತ್ತು, ಅದಕ್ಕೆ ಅಂತ ಮಾಡಿದ್ದು. ಈಗಿನ ಎಲ್‌ಸಿಡಿಗೆ ಅದರ ಅಗತ್ಯ ಇಲ್ಲ, ಅದು ಉಳಿಸೋದು ಏನೂ ಇಲ್ಲ, ಬದ್ಲಿಗೆ ಕಂಪ್ಯೂಟರ್ರು ಮಲಗೋದನ್ನೇ ತಪ್ಪಿಸತ್ತೆ.

ಪರಿಸರಸ್ನೇಹಿ ಕಚೇರಿ ಅಂದ ತಕ್ಷಣ ನಮಗೆ ನೆನಪಾಗೋದು ವೆರಾಂಡದಲ್ಲಿ ನಾಲ್ಕು ಹೂಕುಂಡ, ಸ್ವಿಚ್ ಬೋರ್ಡ್ ಪಕ್ಕ "ದಯವಿಟ್ಟು ದೀಪ ಆರಿಸಿ" ಅನ್ನೋ ಚೀಟಿ, ಪರಿಸರ ದಿನಕ್ಕೊಂದು ಬ್ಯಾನರ್ (ಅದೂ ಪಿವಿಸಿ ಫ್ಲೆಕ್ಸಿಂದು, ಇರ್ಲಿ ಬಿಡಿ). ನನ್ನ ತಕರಾರು ಇರೋದೇ ಇಲ್ಲಿ. ಈ ಚೀಟಿಗಳು ಜನರ ಮನಸ್ಸನ್ನ ಬದಲಾಯಿಸೋಕೆ ನೋಡ್ತವೆ, ಆದ್ರೆ ಆಫೀಸಲ್ಲಿ ಹಾಳಾಗೋ ಕರೆಂಟು, ಕಾಗದದಲ್ಲಿ ದೊಡ್ಡ ಪಾಲು ಯಾರ ಮನಸ್ಸಿನಿಂದ್ಲೂ ಹಾಳಾಗ್ತಿಲ್ಲ. ಯಾರೂ "ರಾತ್ರಿ ಪ್ರಿಂಟರ್ ಓಡ್ಲಿ" ಅಂತ ತೀರ್ಮಾನ ಮಾಡಿಲ್ಲ. ಡಬ್ಬದಿಂದ ತೆಗೆದಾಗ ಯಾವ ಸೆಟ್ಟಿಂಗ್ ಇತ್ತೋ ಅದೇ ಇದೆ, ಬಿಲ್ಲು ಕಟ್ಟೋದು ಬೇರೆ ಯಾವುದೋ ಶಾಖೆ, ಅಷ್ಟೇ.

ಇದಕ್ಕೆ ಒಳ್ಳೆ ಪುರಾವೆ ಸ್ವೀಡನ್ನಿಂದ ಬಂದಿದೆ. ಅಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಎರಡು ಪ್ರಯೋಗ ಮಾಡಿದ್ರು, 2016ರಲ್ಲಿ ಪ್ರಕಟ ಆಯ್ತು. ಒಂದ್ರಲ್ಲಿ ಸಿಬ್ಬಂದಿಗೆ "ಕಾಗದ ಉಳಿಸಿ, ಪರಿಸರಕ್ಕೆ ಒಳ್ಳೇದು" ಅಂತ ಮನವಿ ಮಾಡ್ಕೊಂಡ್ರು. ಇನ್ನೊಂದ್ರಲ್ಲಿ ಯಾರಿಗೂ ಬುದ್ಧಿ ಹೇಳ್ಲಿಲ್ಲ, ಪ್ರಿಂಟರಿನ ಡೀಫಾಲ್ಟ್ ಸೆಟ್ಟಿಂಗನ್ನ (ನಾವು ಏನೂ ಮುಟ್ಟದಿದ್ರೆ ತಾನಾಗೇ ಇರೋದು) ಒಂದು ಮಗ್ಗುಲಿನಿಂದ ಎರಡು ಮಗ್ಗುಲಿಗೆ ಬದಲಾಯಿಸಿದ್ರು. ಒಂದೇ ಕಡೆ ಬೇಕಾದವ್ರು ಒಂದು ಕ್ಲಿಕ್ ಮಾಡಿ ತಗೋಬಹುದಿತ್ತು, ಯಾರಿಗೂ ಅಡ್ಡಿ ಇರ್ಲಿಲ್ಲ. ಮನವಿಯಿಂದ ಏನೂ ಆಗ್ಲಿಲ್ಲ, ಸೆಟ್ಟಿಂಗ್ ಬದಲಾಯಿಸಿದ್ದಕ್ಕೆ ಕಾಗದದ ಬಳಕೆ ಶೇ. 15ರಷ್ಟು ಇಳೀತು, ಇಳಿದದ್ದು ಮತ್ತೆ ಏರ್ಲಿಲ್ಲ.

ಆದ್ರೆ ಡೀಫಾಲ್ಟ್ ಅಂದ್ರೆ ಹೇಗೆ ಬೇಕಾದ್ರೂ ಎಳೀಬಹುದು ಅಂತಲ್ಲ. ಪ್ಯಾರಿಸ್ಸಲ್ಲಿರೋ ಒಇಸಿಡಿ ಸಂಸ್ಥೆ (ಶ್ರೀಮಂತ ದೇಶಗಳ ಸರ್ಕಾರಗಳೇ ಸೇರ್ಕೊಂಡು ನಡೆಸೋದು) ತನ್ನ ಆಫೀಸಲ್ಲೇ ಚಳಿಗಾಲದಲ್ಲಿ ರೂಮ್ ಹೀಟಿಂಗ್‌ನ ಡೀಫಾಲ್ಟ್ ಇಳಿಸಿ ನೋಡ್ತು. ಒಂದು ಡಿಗ್ರಿ ಇಳಿಸಿದಾಗ ಬಹಳ ಜನ ಅದನ್ನ ಮತ್ತೆ ಏರಿಸೋಕೆ ಹೋಗ್ಲಿಲ್ಲ, ಜನ ಇಟ್ಕೊಂಡ ಸರಾಸರಿ ಉಷ್ಣತೆ ನಿಜವಾಗ್ಲೂ ಇಳೀತು. ಎರಡು ಡಿಗ್ರಿ ಇಳಿಸಿದಾಗ ಜನಕ್ಕೆ ಚಳಿ ಹತ್ತಿ ಎದ್ದುಹೋಗಿ ಗುಂಡಿ ತಿರುಗಿಸಿದ್ರು, ಲಾಭ ಕಮ್ಮಿ ಆಯ್ತು. ಒಂದೇ ಸುತ್ತೋಲೆಯಲ್ಲಿ ಕ್ರಾಂತಿ ಮಾಡೋಕೆ ಹೊರಡೋರು ಇದನ್ನ ಒಂದ್ಸಲ ಓದ್ಬೇಕು.

ಹೀಟಿಂಗಿನ ಮಾತು ಬಂತಲ್ಲ, ಬಿಸಿಲಿನ ದೇಶಗಳಲ್ಲಿ ದೊಡ್ಡ ಖರ್ಚು ಏಸಿ. ಇದರ ಭೌತಶಾಸ್ತ್ರ ಸರಳ. ಹೊರಗಿನ ಶಾಖ ಗೋಡೆ, ಗಾಜು, ಸೂರಿನಿಂದ ಒಳಗೆ ನುಗ್ಗೋ ವೇಗ ಒಳಗೆ ಹೊರಗಿನ ಉಷ್ಣತೆಯ ವ್ಯತ್ಯಾಸಕ್ಕೆ ತಕ್ಕಂತೆ ಇರತ್ತೆ. ಹೊರಗೆ 34 ಡಿಗ್ರಿ ಇದ್ದಾಗ ಒಳಗೆ 20 ಇಟ್ರೆ ವ್ಯತ್ಯಾಸ 14, 26 ಇಟ್ರೆ ಬರೀ 8. ಅದಲ್ದೆ ವ್ಯತ್ಯಾಸ ಜಾಸ್ತಿ ಆದಷ್ಟೂ ಏಸಿಯ ದಕ್ಷತೆಯೂ ಕಮ್ಮಿ ಆಗತ್ತೆ, ಅದೇ ಶಾಖವನ್ನ ಹೊರಗೆ ದಬ್ಬೋಕೆ ಕಂಪ್ರೆಸರ್ರು ಹೆಚ್ಚು ತಿಣುಕಬೇಕು, ಹಾಗಾಗಿ ಏಟು ಎರಡು ಕಡೆಯಿಂದ ಬೀಳತ್ತೆ. ಒಂದು ಡಿಗ್ರಿ ಏರಿಸಿದ್ರೆ ಸುಮಾರು ಶೇ. 6 ಕರೆಂಟು ಉಳಿಯತ್ತೆ ಅಂತ ಭಾರತದ ಇಂಧನ ದಕ್ಷತಾ ಬ್ಯೂರೋ ಲೆಕ್ಕ ಕೊಡತ್ತೆ. ಅದೇ ಕಾರಣಕ್ಕೆ 2020ರ ಜನವರಿಯಿಂದ ಇಲ್ಲಿ ಮಾರೋ ರೂಮ್ ಏಸಿಗಳು ಆನ್ ಆದಾಗ 24ರಲ್ಲೇ ಶುರುವಾಗ್ಬೇಕು ಅಂತ ನಿಯಮ ಬಂತು. ನೋಡಿ, ಇದೂ ಡೀಫಾಲ್ಟೇ.

ಜಪಾನ್ ಸರ್ಕಾರ ಇನ್ನೂ ಮುಂದೆ ಹೋಯ್ತು. 2005ರ ಬೇಸಿಗೆಯಲ್ಲಿ ಪರಿಸರ ಸಚಿವಾಲಯ "ಕೂಲ್ ಬಿಜ್" ಅಂತ ಶುರು ಮಾಡಿ ಆಫೀಸುಗಳಲ್ಲಿ ಏಸಿ 28 ಡಿಗ್ರಿಗೆ ಇಡಿ, ಕೋಟು ಟೈ ಬಿಚ್ಚಿಡಿ ಅಂತು. ಪ್ರಧಾನಿ ಕೊಯಿಜುಮಿ ತಾವೇ ಟೈ ಇಲ್ದೆ ಟಿವಿಯಲ್ಲಿ ಕಾಣಿಸ್ಕೊಂಡ್ರು, ಟೈ ತಯಾರಿಸೋರು ಗೊಣಗಿದ್ರು. ಆ ಒಂದು ಬೇಸಿಗೆಯಲ್ಲಿ ಸುಮಾರು 4.6 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಯ್ತು ಅಂತ ಸಚಿವಾಲಯ ಅಂದಾಜು ಮಾಡ್ತು. ಇಲ್ಲಿ ವಿಜ್ಞಾನ ಇರೋದು ಬಟ್ಟೆಯಲ್ಲಿ. ಪೂರ್ತಿ ಸೂಟು ದೇಹದ ಶಾಖ ತಡೆಯೋ ಪ್ರಮಾಣದ ಅರ್ಧದಷ್ಟು ಮಾತ್ರ ಅರ್ಧ ತೋಳಿನ ಶರ್ಟು, ಪ್ಯಾಂಟು ತಡೆಯತ್ತೆ. ಅಂದ್ರೆ ಕೋಟು ಹಾಕ್ಕೊಂಡ ಸಾಹೇಬ್ರಿಗೆ ಹಿತ ಆಗ್ಲಿ ಅಂತ ಇಡೀ ಹಾಲನ್ನ ತಣ್ಣಗೆ ಮಾಡ್ತಿರ್ತೀವಿ, ಮಿಕ್ಕೋರು ಸ್ವೆಟರ್ ಹಾಕ್ಕೊಂಡು ಕೂತಿರ್ತಾರೆ. ಸ್ವೆಟರ್ ಹಾಕೋರಲ್ಲಿ ಹೆಂಗಸರೇ ಜಾಸ್ತಿ ಯಾಕೆ ಅನ್ನೋದಕ್ಕೂ ಉತ್ತರ ಇದೆ: ಆಫೀಸಿನ ಉಷ್ಣತೆ ಎಷ್ಟಿರ್ಬೇಕು ಅನ್ನೋ ಹಳೇ ಸೂತ್ರದಲ್ಲಿ ದೇಹ ಎಷ್ಟು ಶಾಖ ಹುಟ್ಟಿಸತ್ತೆ ಅನ್ನೋದಕ್ಕೆ ಹಿಡಿದ ಅಳತೆ 40ರ ಆಸುಪಾಸಿನ, 70 ಕೆಜಿ ತೂಕದ ಗಂಡಸಿಂದು ಅಂತ 2015ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿಕೊಟ್ರು. ಆದ್ರೂ 28 ಡಿಗ್ರಿ ಅನ್ನೋದು ಸುಮ್ನೆ ಕೂತ ಗಾಳಿಯಲ್ಲಿ ಕಷ್ಟವೇ ಸರಿ. ಅದಕ್ಕೆ ಮದ್ದು ಫ್ಯಾನು. ಗಾಳಿ ಆಡಿದ್ರೆ ಬೆವರು ಬೇಗ ಆರಿ ಮೈಗೆ ಎರಡು ಮೂರು ಡಿಗ್ರಿ ಕಮ್ಮಿ ಅನ್ಸತ್ತೆ, ಫ್ಯಾನ್ ತಿನ್ನೋದು ಏಸಿ ಮುಂದೆ ಲೆಕ್ಕಕ್ಕೇ ಬರಲ್ಲ. ಹೊಸ ಕಟ್ಟಡ ಕಟ್ಟುವಾಗ ಏಸಿ ಇದೆಯಲ್ಲ ಅಂತ ಫ್ಯಾನ್ ಕೊಕ್ಕೆಯನ್ನೇ ಬಿಡದೆ ಸೂರು ಮುಚ್ಚಿಬಿಡ್ತಾರೆ, ಇದು ನನಗೆ ಅರ್ಥವೇ ಆಗಲ್ಲ.

ಏಸಿಯಲ್ಲಿ ಯಾರೂ ಮಾತಾಡದ ಇನ್ನೊಂದು ವಿಷಯ ಗ್ಯಾಸು. ಪ್ರತಿ ಬೇಸಿಗೆ ಶುರುವಲ್ಲಿ ಮೆಕ್ಯಾನಿಕ್ ಬಂದು "ಗ್ಯಾಸ್ ಕಮ್ಮಿ ಆಗಿದೆ ಸರ್" ಅಂತ ತುಂಬಿಸಿ ಹೋಗ್ತಾರೆ, ಬಿಲ್ಲು ಪಾಸಾಗತ್ತೆ. ಏಸಿಯ ಗ್ಯಾಸು ಪೆಟ್ರೋಲಿನ ಥರ ಉರಿದು ಖಾಲಿ ಆಗೋ ವಸ್ತು ಅಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಾ ಇರೋದು, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ತುಂಬಾ ಏಸಿಗಳಲ್ಲಿ ಇರೋ ಆರ್-410ಎ ಅನ್ನೋ ಗ್ಯಾಸು ಒಂದು ಕೆಜಿ ಗಾಳಿಗೆ ಸೇರಿದ್ರೆ ನೂರು ವರ್ಷದ ಲೆಕ್ಕದಲ್ಲಿ 2,000 ಕೆಜಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿ ಆಗತ್ತೆ. ಮೇಲೆ ಹೇಳಿದ ಡೆಸ್ಕ್‌ಟಾಪ್ ಲೆಕ್ಕ ನೆನಪಿಸ್ಕೊಳಿ, ಆರೇಳು ಕಂಪ್ಯೂಟರ್ರು ವರ್ಷಪೂರ್ತಿ ಖಾಲಿ ಹೊತ್ತಲ್ಲಿ ಓಡಿದ್ದಕ್ಕೆ ಒಂದು ಸೋರುವ ಕೊಳವೆ ಸಮ! ಹೊಸದಾಗಿ ಬರ್ತಿರೋ ಆರ್-32ಗೆ ಈ ಅಂಕಿ 675. ಹಾಗಾಗಿ ನಿರ್ವಹಣೆ ಕರಾರಿನಲ್ಲಿ "ಸೋರಿಕೆ ಹುಡುಕಿ ಸರಿಮಾಡದೆ ಗ್ಯಾಸ್ ತುಂಬಿದ್ರೆ ಹಣ ಕೊಡಲ್ಲ" ಅಂತ ಒಂದು ಸಾಲು ಸೇರಿಸಿದ್ರೆ ಹತ್ತು ಜಾಗೃತಿ ಕಾರ್ಯಕ್ರಮಕ್ಕಿಂತ ಮೇಲು ಅಂತ ನನ್ನ ಅಂಬೋಣ.

ಸರ್ವರ್ ರೂಮಿನ ಕತೆಯೂ ಸ್ವಲ್ಪ ಹೀಗೇ. ಒಳಗೆ ಹೋದ್ರೆ ಹಲ್ಲು ಕಟಕಟ ಅನ್ಬೇಕು, ಹಾಗಿದ್ರೇನೇ ಮಷೀನಿಗೆ ಕ್ಷೇಮ ಅಂತ ನಂಬಿಕೆ. ಸರ್ವರಿನೊಳಗೆ ಹೋಗೋ ಗಾಳಿ 27 ಡಿಗ್ರಿವರೆಗೂ ಇರಬಹುದು ಅಂತ ಏಸಿ ಎಂಜಿನಿಯರುಗಳ ಸಂಘ ಆಶ್ರೇ 2008ರಲ್ಲೇ ಮಿತಿ ಸಡಿಲಿಸಿದೆ.

ಬೆಳಕಿನ ವಿಷಯ ಬೇಗ ಮುಗಿಸ್ತೀನಿ, ಎಲ್‌ಇಡಿ ಎಲ್ಲರಿಗೂ ಗೊತ್ತು. ಓದೋ ಬರೆಯೋ ಮೇಜಿಗೆ 500 ಲಕ್ಸ್ (ಬೆಳಕಿನ ಅಳತೆ) ಬೇಕು, ಕಾರಿಡಾರಿಗೆ 100 ಸಾಕು ಅಂತ ಯುರೋಪಿನ ಮಾನದಂಡ, ಎರಡಕ್ಕೂ ಒಂದೇ ಥರ ಲೈಟ್ ಜೋಡಿಸೋದು ನಮ್ಮ ಅಭ್ಯಾಸ. ಅದಕ್ಕಿಂತ ಮೊದಲು ಕಿಟಕಿಗೆ ಅಡ್ಡ ನಿಲ್ಲಿಸಿರೋ ಕಬ್ಬಿಣದ ಬೀರುಗಳನ್ನ ಪಕ್ಕಕ್ಕೆ ಸರಿಸಿ ನೋಡಿ. ಬೀರು ಕಿಟಕಿ ಮುಚ್ಚಿರತ್ತೆ, ಬೀರು ತುಂಬ ಹಳೇ ಕಡತ ಇರತ್ತೆ, ಕತ್ತಲೆ ಅಂತ ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ಟ್ಯೂಬ್‌ಲೈಟು ಉರೀತಿರತ್ತೆ.

ಕಡತ ಅಂದ್ರೆ ಕಾಗದ. ಒಂದು ಎ4 ಹಾಳೆ ಹೆಚ್ಚುಕಮ್ಮಿ ಐದು ಗ್ರಾಂ ತೂಗತ್ತೆ (80 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 80 ಗ್ರಾಂ ಆದ್ರೆ), 500 ಹಾಳೆಯ ರೀಮು ಎರಡೂವರೆ ಕೆಜಿ. ರಾಸಾಯನಿಕ ವಿಧಾನದಲ್ಲಿ ಮರದ ಸುಮಾರು ಅರ್ಧ ಭಾಗ ಮಾತ್ರ ಕಾಗದದ ನಾರಾಗತ್ತೆ, ನಾರನ್ನ ಅಂಟಿಸಿ ಹಿಡಿದಿದ್ದ ಲಿಗ್ನಿನ್ ಕರಗಿ ಹೋಗಿ ಕಾರ್ಖಾನೆಯ ಬಾಯ್ಲರಲ್ಲಿ ಉರಿಯತ್ತೆ. ಬಳಸಿದ ಕಾಗದವನ್ನ ಮತ್ತೆ ತಿರುಳು ಮಾಡಬಹುದು, ಆದ್ರೆ ಪ್ರತಿ ಸಲ ನಾರು ತುಂಡಾಗತ್ತೆ, ಐದಾರು ಸಲ ಆದ್ಮೇಲೆ ಹಿಡಿತ ಉಳಿಯಲ್ಲ. ಇ-ಆಫೀಸ್ (ಕಡತಗಳನ್ನ ಕಂಪ್ಯೂಟರಲ್ಲೇ ನಡೆಸೋ ವ್ಯವಸ್ಥೆ) ಬಂದ್ಮೇಲೆ ಇದೆಲ್ಲ ಮುಗೀತು ಅಂದ್ಕೊಂಡ್ರೆ, ಇಮೇಲ್ ಬಂತಾ, ಪ್ರಿಂಟ್ ತೆಗಿ, ಸಹಿ ಹಾಕು, ಸ್ಕ್ಯಾನ್ ಮಾಡು, ಅಪ್‌ಲೋಡ್ ಮಾಡು, ಆ ಪ್ರಿಂಟನ್ನೂ ಫೈಲಿಗೆ ಸೇರಿಸು ಅನ್ನೋ ಹಾಗೆ ಎರಡೂ ದಾರಿ ಒಟ್ಟಿಗೆ ನಡೀತಿರತ್ತೆ. ಹೀಗೆ ಮಾಡೋದಾದ್ರೆ ಬರೀ ಕಾಗದದಲ್ಲೇ ನಡೆಸೋದು ಪರಿಸರಕ್ಕೆ ಒಳ್ಳೇದು, ತಮಾಷೆಗೆ ಹೇಳ್ತಿಲ್ಲ. ಕೇಳ್ಬೇಕಾದ್ದು ಒಂದೇ, ಮೂರು ಪ್ರತಿ ಕೇಳೋ ನಿಯಮ ಯಾವ ಸುತ್ತೋಲೆಯಲ್ಲಿದೆ, ಅದನ್ನ ಹಿಂದಕ್ಕೆ ತಗೊಳೋ ಅಧಿಕಾರ ಯಾರಿಗಿದೆ.

ಈಗ ದೊಡ್ಡ ವಿಷಯಕ್ಕೆ ಬರ್ತೀನಿ, ಖರೀದಿ. ಒಇಸಿಡಿ ದೇಶಗಳಲ್ಲಿ ಸರ್ಕಾರದ ಖರೀದಿ ಜಿಡಿಪಿಯ ಶೇ. 12–13ರಷ್ಟಿದೆ. ಇಷ್ಟು ದೊಡ್ಡ ಗಿರಾಕಿ ಏನು ಕೇಳ್ತಾನೋ ಮಾರುಕಟ್ಟೆ ಅದನ್ನೇ ತಯಾರು ಮಾಡತ್ತೆ. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ 1992ರಲ್ಲಿ ಎನರ್ಜಿ ಸ್ಟಾರ್ ಅನ್ನೋ ಗುರುತು ಶುರು ಮಾಡ್ತು, ಶುರುವಲ್ಲಿ ಬಳಸದೇ ಇದ್ದಾಗ ತಾನೇ ಮಲಗೋ ಕಂಪ್ಯೂಟರು, ಮಾನಿಟರಿಗೆ ಮಾತ್ರ ಅದು ಸಿಗ್ತಿತ್ತು, ಕಂಪನಿಗಳು ಬೇಕಾದ್ರೆ ಸೇರಬಹುದು, ಕಡ್ಡಾಯ ಅಲ್ಲ. ಮುಂದಿನ ವರ್ಷ ಅಧ್ಯಕ್ಷ ಕ್ಲಿಂಟನ್ ಸರ್ಕಾರಿ ಇಲಾಖೆಗಳು ಈ ಗುರುತು ಇರೋ ಕಂಪ್ಯೂಟರ್ರೇ ಕೊಳ್ಳಬೇಕು ಅಂತ ಆದೇಶ ಹೊರಡಿಸಿದ್ರು. ಅಷ್ಟು ದೊಡ್ಡ ಗಿರಾಕಿಯನ್ನ ಯಾವ ಕಂಪನಿ ಬಿಡತ್ತೆ? ಸರ್ಕಾರಕ್ಕೆ ಒಂದು ಮಾದರಿ, ಜನಕ್ಕೆ ಇನ್ನೊಂದು ಅಂತ ಮಾಡೋದು ತಯಾರಕರಿಗೂ ದಂಡ, ಹಾಗಾಗಿ ಸ್ಲೀಪ್ ಮೋಡ್ ಎಲ್ಲರ ಮನೆಗೂ ಬಂತು. 2001ರಲ್ಲಿ ಬುಷ್ ಅವರ ಆದೇಶ ಸ್ಟ್ಯಾಂಡ್‌ಬೈ ಕರೆಂಟಿಗೆ (ಉಪಕರಣ ಕೆಲಸ ಇಲ್ದೆ ಕಾಯ್ತಾ ಕೂತಾಗ ಎಳೆಯೋದು) ಒಂದು ವ್ಯಾಟಿನ ಗುರಿ ಇಟ್ಟಿತು. ಒಂದು ವ್ಯಾಟ್ ಅಂದ್ರೆ ವರ್ಷಕ್ಕೆ 8.76 ಯೂನಿಟ್, ಏನೂ ಅಲ್ಲ ಅನ್ಸತ್ತೆ, ಕೋಟಿಗಟ್ಟಲೆ ಉಪಕರಣಕ್ಕೆ ಗುಣಿಸಿದಾಗ ಗೊತ್ತಾಗತ್ತೆ.

ಆದ್ರೆ ಟೆಂಡರಿನಲ್ಲಿ ಗೆಲ್ಲೋದು ಕಮ್ಮಿ ರೇಟು. ಏಸಿ ಕೊಳ್ಳೋ ದುಡ್ಡು ಒಂದು ಲೆಕ್ಕ ಶೀರ್ಷಿಕೆ, ಕರೆಂಟ್ ಬಿಲ್ಲು ಇನ್ನೊಂದು ಶೀರ್ಷಿಕೆ, ಎರಡನ್ನೂ ಸೇರಿಸಿ ನೋಡೋ ಕುರ್ಚಿ ಯಾವುದೂ ಇಲ್ಲ, ಅಗ್ಗದ ಏಸಿ ತಂದವರಿಗೆ ಶಹಬ್ಬಾಸ್‌ಗಿರಿ, ಹತ್ತು ವರ್ಷ ಬಿಲ್ಲು ಕಟ್ಟೋರು ಬೇರೆ. ಯುರೋಪಿಯನ್ ಒಕ್ಕೂಟದ 2014ರ ಖರೀದಿ ನಿರ್ದೇಶನದಲ್ಲಿ ವಸ್ತುವಿನ ಪೂರ್ತಿ ಆಯುಷ್ಯದ ಖರ್ಚು, ಅಂದ್ರೆ ಕೊಳ್ಳೋದು, ಓಡಿಸೋದು, ವಿಲೇವಾರಿ ಮಾಡೋದು ಎಲ್ಲ ಸೇರಿಸಿ ರೇಟು ಹೋಲಿಸೋಕೆ ಅವಕಾಶ ಇದೆ. ಆರ್ಥಿಕ ವರ್ಷದ ಕೊನೇ ವಾರ ಅನುದಾನ ವಾಪಸ್ ಹೋಗತ್ತೆ ಅಂತ ಗಡಿಬಿಡಿಯಲ್ಲಿ ಕೊಳ್ಳೋವಾಗ ಇಷ್ಟೆಲ್ಲ ಯಾರು ನೋಡ್ತಾರೆ ಅನ್ನೋದು ಬೇರೆ ಮಾತು.

ಕೊನೆಗೆ, ಯಾವ ಕಚೇರಿಯ ಪರಿಸರ ವರದಿಯ ಮೊದಲ ಪುಟದಲ್ಲೂ ಕಾಣದ ಒಂದು ಲೆಕ್ಕ: "ಸಾಹೇಬ್ರು ಇಲ್ಲ, ನಾಳೆ ಬನ್ನಿ." ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರತ್ತೆ. 20 ಕಿಲೋಮೀಟರ್ ದೂರದಿಂದ ಬೈಕಲ್ಲಿ ಬಂದು ಕೆಲಸ ಆಗದೆ ವಾಪಸ್ ಹೋದವ್ರು ಹೆಚ್ಚುಕಮ್ಮಿ ಒಂದು ಲೀಟರ್ ಸುಟ್ಟಿರ್ತಾರೆ. ಕಾಗದಕ್ಕೆ ಕೆಜಿಗೆ ಒಂದು ಕೆಜಿ ಅಂತ ಒರಟಾಗಿ ಹಿಡಿದ್ರೂ ಇದು ಹತ್ತಿರ ಹತ್ತಿರ ಒಂದು ರೀಮಿಗೆ ಸಮ. ಅಂದ್ರೆ ಆಫೀಸಿನವ್ರು ವಾರವಿಡೀ ಎರಡು ಮಗ್ಗುಲು ಪ್ರಿಂಟ್ ಹಾಕಿ ಉಳಿಸಿದ್ದನ್ನ ಒಂದು ಬೆಳಗ್ಗೆ ನಾಲ್ಕು ಜನರನ್ನ ವಾಪಸ್ ಕಳಿಸಿ ಕಳ್ಕೋಬಹುದು. ಎಸ್ಟೋನಿಯಾ ಇದನ್ನ ಬೇರೆ ಥರ ಬಿಡಿಸ್ತು, 2001ರಿಂದ ಅಲ್ಲಿನ ಇಲಾಖೆಗಳ ಡೇಟಾಬೇಸುಗಳು ಎಕ್ಸ್-ರೋಡ್ ಅನ್ನೋ ವ್ಯವಸ್ಥೆ ಮೂಲಕ ಒಂದಕ್ಕೊಂದು ಮಾತಾಡ್ತವೆ, ಒಂದು ಇಲಾಖೆ ಹತ್ರ ಆಗ್ಲೇ ಇರೋ ಮಾಹಿತಿಯನ್ನ ಇನ್ನೊಂದು ಇಲಾಖೆ ಜನರ ಹತ್ರ ಮತ್ತೆ ಕೇಳಬಾರದು ಅನ್ನೋದು ಅಲ್ಲಿನ ತತ್ವ. ಅಷ್ಟು ದೂರ ಹೋಗೋಕೆ ವರ್ಷಗಳು ಬೇಕು, ಒಪ್ತೀನಿ. ಅಲ್ಲೀವರೆಗೆ ಯಾವ ಅರ್ಜಿಗೆ ಯಾವ ಯಾವ ದಾಖಲೆ ಬೇಕು, ಸಹಿ ಹಾಕೋರು ಯಾವ ದಿನ ಸಿಗ್ತಾರೆ ಅನ್ನೋದನ್ನ ಗೇಟಿನ ಹತ್ರ ದೊಡ್ಡಕ್ಷರದಲ್ಲಿ ಬರೆದು ಹಾಕಿ, ಫೋನ್ ಮಾಡಿದವ್ರಿಗೂ ಅದನ್ನೇ ಹೇಳಿದ್ರೆ ಎಷ್ಟೋ ಲೀಟರ್ ಉಳಿಯತ್ತೆ, ಇದಕ್ಕೆ ಟೆಂಡರ್ ಕರೆಯೋದೂ ಬೇಡ.